ಹಿರಿಯರು ಬಿಟ್ಟುಹೋದ ಹಳೆಯ ರಿವಾಲ್ವರ್: ನ್ಯಾಯವಾದ ಬೆಲೆಯನ್ನು ನಿರ್ಣಯಿಸುವ ಬಗೆ

ಗಡಿನಾಡಿನ ಹಳೆಯ ಮನೆಗಳಲ್ಲಿ ಪಟೇಲಿಕೆ ನಡೆಸಿದವರು, ತೋಟದ ಆಡಳಿತ ನೋಡಿಕೊಂಡವರು, ಪೊಲೀಸ್ ಇಲಾಖೆಯಿಂದಲೋ ಸೇನೆಯಿಂದಲೋ ನಿವೃತ್ತರಾದವರು ಪರವಾನಗಿ ಪಡೆದು ಇಟ್ಟುಕೊಂಡಿದ್ದ ರಿವಾಲ್ವರ್‌ಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. ಯಜಮಾನರು ತೀರಿಕೊಂಡ ಬಳಿಕ ಅದು ಬೀರುವಿನ ಒಳಖಾನೆಯಲ್ಲಿ ಬಟ್ಟೆಯ ಗಂಟಿನೊಳಗೆ ಸಿಗುತ್ತದೆ. ಮಕ್ಕಳ ಶಾಲಾ ಶುಲ್ಕ, ಮನೆಯ ಮಾಡಿನ ದುರಸ್ತಿ ಮೊದಲಾದ ಖರ್ಚುಗಳು ಎದುರಿಗಿರುವಾಗ ಅದನ್ನು ಮಾರೋಣವೆಂಬ ಆಲೋಚನೆ ಬರುವುದು ಸಹಜ. ಆಗ ಎರಡು ಬಗೆಯ ಮಾತುಗಳು ಕಿವಿಗೆ ಬೀಳುತ್ತವೆ. ಒಬ್ಬರು ‘ಇದು ಹಳೆಯ ಕಬ್ಬಿಣ, ಕೊಟ್ಟಷ್ಟು ತೆಗೆದುಕೊಳ್ಳಿ’ ಎನ್ನುತ್ತಾರೆ. ಇನ್ನೊಬ್ಬರು ‘ಇಂಗ್ಲೆಂಡಿನ ಮಾಲು, ಈಗ ತಯಾರಾಗುವುದೇ ಇಲ್ಲ, ಲಕ್ಷಗಟ್ಟಲೆ ಬಾಳುತ್ತದೆ’ ಎನ್ನುತ್ತಾರೆ. ಪರಿಶೀಲಿಸದೆ ಹೇಳಿದ ಈ ಎರಡು ಮಾತುಗಳನ್ನೂ ನಂಬಲಾಗದು. ತಯಾರಿಕೆ ನಿಂತ ಹಳೆಯ ರಿವಾಲ್ವರಿನ ಬೆಲೆ ನಾಲ್ಕು ಸಂಗತಿಗಳನ್ನು ಅವಲಂಬಿಸಿದೆ: ಅದರ ಕಾಗದಪತ್ರ, ಅದರ ಬೋರ್, ಅದರ ಸ್ಥಿತಿ ಮತ್ತು ಅದನ್ನು ಕಾನೂನುಬದ್ಧವಾಗಿ ಕೊಳ್ಳಬಲ್ಲವರ ಸಂಖ್ಯೆ. ಈ ನಾಲ್ಕನ್ನೂ ಕ್ರಮವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

ಬೆಲೆಗೆ ಮುನ್ನ ಕಾಗದ

ಭಾರತದಲ್ಲಿ ಬಂದೂಕು, ಪಿಸ್ತೂಲು, ರಿವಾಲ್ವರ್‌ಗಳ ಸ್ವಾಧೀನ, ಮಾರಾಟ ಮತ್ತು ದುರಸ್ತಿಗಳನ್ನು 1959ರ ಶಸ್ತ್ರಾಸ್ತ್ರ ಕಾಯ್ದೆಯೂ 2016ರ ಶಸ್ತ್ರಾಸ್ತ್ರ ನಿಯಮಗಳೂ ನಿಯಂತ್ರಿಸುತ್ತವೆ. ಪರವಾನಗಿಯನ್ನು ಕೊಡುವುದು ಒಬ್ಬ ವ್ಯಕ್ತಿಗೆ, ಮನೆತನಕ್ಕಲ್ಲ. ಪರವಾನಗಿದಾರರು ತೀರಿಕೊಂಡ ಕೂಡಲೇ ಮನೆಯ ಉಳಿದವರಿಗೆ ಆ ಶಸ್ತ್ರವನ್ನು ಇಟ್ಟುಕೊಳ್ಳುವ ಅಧಿಕಾರ ತಾನಾಗಿ ಬರುವುದಿಲ್ಲ. ಕಾಯ್ದೆಯ 21ನೆಯ ಕಲಮಿನ ಪ್ರಕಾರ, ಸ್ವಾಧೀನ ಕಾನೂನುಬದ್ಧವಾಗಿ ಉಳಿಯದ ಶಸ್ತ್ರವನ್ನು ಅನಗತ್ಯ ವಿಳಂಬವಿಲ್ಲದೆ ಸಮೀಪದ ಪೊಲೀಸ್ ಠಾಣೆಯ ಅಧಿಕಾರಿಯ ಬಳಿಯಲ್ಲಾಗಲಿ, ಪರವಾನಗಿ ಪಡೆದ ಶಸ್ತ್ರ ವ್ಯಾಪಾರಿಯ ಬಳಿಯಲ್ಲಾಗಲಿ ಠೇವಣಿ ಇಡಬೇಕು. ಠೇವಣಿ ಇಟ್ಟ ಮಾತ್ರಕ್ಕೆ ಒಡೆತನ ಹೋಗುವುದಿಲ್ಲ. ನಿಗದಿತ ಅವಧಿಯೊಳಗೆ ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಪಡೆದು ಅದನ್ನು ಹಿಂದಕ್ಕೆ ಪಡೆಯಬಹುದು, ಅಥವಾ ಕೊಳ್ಳಲು ಅರ್ಹರಾದವರಿಗೆ ಮಾರಬಹುದು. ಅವಧಿ ಮೀರಿದರೆ ಶಸ್ತ್ರ ಸರ್ಕಾರಕ್ಕೆ ಮುಟ್ಟುಗೋಲಾಗುವ ಸಂಭವವುಂಟು. ಆದುದರಿಂದ ಠೇವಣಿಯ ರಸೀದಿಯನ್ನು ಪಡೆಯುವಾಗಲೇ ಅವಧಿ ಯಾವಾಗ ಮುಗಿಯುತ್ತದೆಂದು ಕೇಳಿ ಬರೆದಿಟ್ಟುಕೊಳ್ಳತಕ್ಕದ್ದು.

ಪರವಾನಗಿಯಿಲ್ಲದೆ ಮನೆಯಲ್ಲಿ ಇಟ್ಟುಕೊಂಡರೆ ಏನಾಗುತ್ತದೆಂಬುದನ್ನೂ ತಿಳಿದಿರಬೇಕು. 2019ರ ತಿದ್ದುಪಡಿಯ ನಂತರ ಇಂತಹ ಅಪರಾಧಕ್ಕೆ ಎರಡರಿಂದ ಐದು ವರ್ಷಗಳವರೆಗೆ ಸೆರೆವಾಸ ಹಾಗೂ ದಂಡದ ಶಿಕ್ಷೆಯಿದೆ. ‘ಅಜ್ಜನದ್ದು, ನೆನಪಿಗಾಗಿ ಇಟ್ಟಿದ್ದೇವೆ’ ಎಂಬ ವಿವರಣೆ ಪರವಾನಗಿಯ ಸ್ಥಾನವನ್ನು ತುಂಬಲಾರದು.

ವಾರಸುದಾರರಲ್ಲಿ ಒಬ್ಬರು ಅದನ್ನು ಉಳಿಸಿಕೊಳ್ಳಲು ಬಯಸಿದರೆ 2016ರ ನಿಯಮಗಳ 25ನೆಯ ನಿಯಮ ಅದಕ್ಕೆ ಅವಕಾಶ ನೀಡುತ್ತದೆ. ಪರವಾನಗಿದಾರರ ಮರಣಾನಂತರ ಮಾತ್ರವಲ್ಲ, ಅವರು 70 ವರ್ಷ ತಲುಪಿದಾಗ ಅಥವಾ ಆ ಶಸ್ತ್ರವನ್ನು 25 ವರ್ಷ ಇಟ್ಟುಕೊಂಡಾಗ, ಯಾವುದು ಮೊದಲೋ ಆಗ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ವರ್ಗಾಯಿಸಲು ಅರ್ಜಿ ಸಲ್ಲಿಸಬಹುದು. ಉಳಿದ ವಾರಸುದಾರರ ಒಪ್ಪಿಗೆ ಬೇಕು. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಮನೆಯಲ್ಲಿ ವೃದ್ಧ ಪರವಾನಗಿದಾರರಿದ್ದರೆ ಈ ಮಾತನ್ನು ಅವರೊಡನೆ ಇಂದೇ ಆಡುವುದು ಲೇಸು.

ಕಾಗದದ ವಿಷಯದಲ್ಲಿ ಕೊನೆಯ ಹಾಗೂ ಮುಖ್ಯವಾದ ಅಂಶವೆಂದರೆ ಸಂಖ್ಯೆ. ಪರವಾನಗಿ ಪುಸ್ತಕದಲ್ಲಿ ಬರೆದಿರುವ ಸಂಖ್ಯೆಯೂ ರಿವಾಲ್ವರಿನ ಚೌಕಟ್ಟಿನ ಮೇಲೆ ಕೊರೆದಿರುವ ಸಂಖ್ಯೆಯೂ ಅಕ್ಷರಶಃ ಒಂದೇ ಆಗಿರಬೇಕು. ಹಳೆಯ ಪುಸ್ತಕಗಳಲ್ಲಿ ಗುಮಾಸ್ತರ ಕೈಬರಹದ ತಪ್ಪಿನಿಂದ 3 ಎಂಬುದು 8 ಆಗಿರುವುದುಂಟು. ಮಾರಾಟಕ್ಕೆ ಮುಂಚೆ ಅದನ್ನು ಪರವಾನಗಿ ಪ್ರಾಧಿಕಾರದಿಂದ ತಿದ್ದಿಸಿಕೊಳ್ಳಬೇಕು. ಸಂಖ್ಯೆಯನ್ನು ಉಜ್ಜಿ ಅಳಿಸಿದ್ದರೆ ಅಥವಾ ಮೇಲೆ ಬೇರೆ ಸಂಖ್ಯೆ ಹೊಡೆದಿದ್ದರೆ ಕಾಯ್ದೆಯ 8ನೆಯ ಕಲಮು ಅಡ್ಡ ಬರುತ್ತದೆ. ಅಂತಹುದರ ಬೆಲೆ ಸೊನ್ನೆ. ಅದನ್ನು ಕೊಳ್ಳುವುದೂ ಅಪಾಯಕರ.

ಬೋರ್ ಯಾವುದು?

ನೋಡಲು ಒಂದೇ ಬಗೆಯವಾಗಿ ಕಾಣುವ ಎರಡು ರಿವಾಲ್ವರ್‌ಗಳ ಬೆಲೆಯಲ್ಲಿ ಅಜಗಜಾಂತರ ಉಂಟಾಗುವುದು ಬೋರಿನ ಕಾರಣದಿಂದ. ಸೇನೆ ಮತ್ತು ಪೊಲೀಸರ ಬಳಕೆಯ ತೋಟೆಗಳನ್ನು ಹಾರಿಸಬಲ್ಲ ಶಸ್ತ್ರಗಳನ್ನು ನಿಯಮಗಳು ಪ್ರತ್ಯೇಕ ವರ್ಗದಲ್ಲಿಟ್ಟಿವೆ. .380 ಮತ್ತು .455 ತೋಟೆಗಳನ್ನು ಹಾರಿಸುವ ರಿವಾಲ್ವರ್‌ಗಳು ಈ ವರ್ಗದವು. ಜನರ ಮಾತಿನಲ್ಲಿ ಇವನ್ನು ‘ನಿಷಿದ್ಧ ಬೋರ್’ ಎನ್ನುವುದು ರೂಢಿ. ಇವುಗಳ ಪರವಾನಗಿಯ ವಿಷಯ ಕೇಂದ್ರ ಗೃಹ ಸಚಿವಾಲಯಕ್ಕೆ ಸೇರಿದ್ದು. ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಸಾಮಾನ್ಯ ಪರವಾನಗಿ ಪಡೆದವರು ಇವನ್ನು ಕೊಳ್ಳುವಂತಿಲ್ಲ. 1915ರಲ್ಲಿ ಬ್ರಿಟಿಷ್ ಸೇನೆ ಸೇರಿದ .455 ಬೋರಿನ ವೆಬ್ಲಿ ಮಾರ್ಕ್ 6, 1932ರಲ್ಲಿ ಅದೇ ಸೇನೆ ಅಂಗೀಕರಿಸಿದ .380 ಬೋರಿನ ಎನ್‌ಫೀಲ್ಡ್ ನಂ. 2 ಇದಕ್ಕೆ ಉದಾಹರಣೆಗಳು. ಇವು ಎಷ್ಟೇ ಸುಸ್ಥಿತಿಯಲ್ಲಿದ್ದರೂ ಕೊಳ್ಳಬಲ್ಲವರು ಬೆರಳೆಣಿಕೆಯಷ್ಟು ಮಂದಿಯಾದ್ದರಿಂದ ಬೆಲೆ ಕುಸಿಯುತ್ತದೆ. ವಿದೇಶದ ಸಂಗ್ರಾಹಕರು ಕೊಡುವ ಬೆಲೆಯನ್ನು ಇಲ್ಲಿಗೆ ಅನ್ವಯಿಸುವುದು ವ್ಯರ್ಥ.

ಸಾಮಾನ್ಯ ಪರವಾನಗಿಯ ಮೇಲೆ ಕೊಳ್ಳಬಹುದಾದ ರಿವಾಲ್ವರ್‌ಗಳಲ್ಲಿ ನಮ್ಮ ದೇಶದಲ್ಲಿ ಪ್ರಧಾನವಾದದ್ದು .32 ಬೋರ್. ಇದರಲ್ಲಿಯೂ ಮೂರು ಗೊಂದಲಗಳಿವೆ.

ಮೊದಲನೆಯದು, .32 ರಿವಾಲ್ವರಿನ ತೋಟೆ ಬೇರೆ, .32 ಪಿಸ್ತೂಲಿನ ತೋಟೆ ಬೇರೆ. ಪಿಸ್ತೂಲಿನದನ್ನು 7.65 ಮಿ.ಮೀ. ಎಂದೂ ಕರೆಯುತ್ತಾರೆ. ಒಂದನ್ನು ಇನ್ನೊಂದರ ಬದಲಿಗೆ ಬಳಸುವಂತಿಲ್ಲ.

ಎರಡನೆಯದು, ರಿವಾಲ್ವರಿನ ತೋಟೆಯಲ್ಲೇ ಗಿಡ್ಡ ಮತ್ತು ಉದ್ದ ಎಂಬ ಭೇದವಿದೆ. ಇಂದು ನಮ್ಮಲ್ಲಿ ತಯಾರಾಗುವ .32 ರಿವಾಲ್ವರ್‌ಗಳು ಸ್ಮಿತ್ ಆ್ಯಂಡ್ ವೆಸನ್ ಲಾಂಗ್ ಎಂಬ ಉದ್ದ ತೋಟೆಗಾಗಿ ರಚಿತವಾದವು. ಉದ್ದ ತೋಟೆಯ ರಿವಾಲ್ವರಿನಲ್ಲಿ ಗಿಡ್ಡ ತೋಟೆ ಕೂರುತ್ತದೆ. ಗಿಡ್ಡ ತೋಟೆಗೆಂದು ಮಾಡಿದ ಹಳೆಯ ಜೇಬು ರಿವಾಲ್ವರಿನಲ್ಲಿ ಉದ್ದ ತೋಟೆ ಕೂರುವುದಿಲ್ಲ. ಸುಲಭವಾಗಿ ದೊರೆಯುವ ತೋಟೆ ಕೂರದ ರಿವಾಲ್ವರ್ ಕೊಳ್ಳುವವರ ಪಾಲಿಗೆ ಅಲಂಕಾರದ ವಸ್ತುವಿಗೆ ಸಮಾನ.

ಮೂರನೆಯದು ಹೆಸರಿನ ಗೊಂದಲ. 1907ರಲ್ಲಿ ಬಂದ ಕೋಲ್ಟ್ ಪೊಲೀಸ್ ಪಾಸಿಟಿವ್ ರಿವಾಲ್ವರಿನ .32 ಮಾದರಿಯ ತೋಟೆಯನ್ನು ಕೋಲ್ಟ್ ಕಂಪನಿ ‘ನ್ಯೂ ಪೊಲೀಸ್’ ಎಂದು ಕರೆಯಿತು. ಗುಂಡಿನ ಮೂತಿ ಚಪ್ಪಟೆಯಾಗಿರುವುದನ್ನು ಬಿಟ್ಟರೆ ಅದರ ಅಳತೆ ಸ್ಮಿತ್ ಆ್ಯಂಡ್ ವೆಸನ್ ಲಾಂಗ್ ತೋಟೆಯದೇ. ‘ಇದರ ತೋಟೆ ಸಿಗುವುದಿಲ್ಲ’ ಎಂದು ಹೇಳಿ ಬೆಲೆ ಇಳಿಸುವವರಿದ್ದಾರೆ. ಅಂತಹ ಸಂದರ್ಭದಲ್ಲಿ ಪರವಾನಗಿ ಪಡೆದ ದುರಸ್ತಿಗಾರರಿಂದ ತೋಟೆಮನೆಯ ಅಳತೆಯನ್ನು ಖಚಿತಪಡಿಸಿಕೊಳ್ಳಿ.

ತಯಾರಿಕೆ ನಿಂತರೆ ಬೆಲೆ ಏರುತ್ತದೆಯೆ?

ತಯಾರಿಕೆ ನಿಂತಿತೆಂಬ ಒಂದೇ ಕಾರಣಕ್ಕೆ ಬೆಲೆ ಏರುವುದಿಲ್ಲ. ಬರ್ಮಿಂಗ್‌ಹ್ಯಾಮಿನ ವೆಬ್ಲಿ ಆ್ಯಂಡ್ ಸ್ಕಾಟ್ ಕಂಪನಿ 1979ರಲ್ಲಿ ಬಂದೂಕು ತಯಾರಿಕೆಯನ್ನು ನಿಲ್ಲಿಸಿತು. ಆ ಬಳಿಕ 1980ರ ದಶಕದ ನಡುಭಾಗದಿಂದ ಭಾರತದಲ್ಲಿ ಖಾಸಗಿ ವ್ಯಕ್ತಿಗಳು ಶಸ್ತ್ರಗಳನ್ನು ಆಮದು ಮಾಡಿಕೊಳ್ಳುವುದಕ್ಕೆ ಬಹುಮಟ್ಟಿಗೆ ತಡೆಬಿತ್ತು. ಹೆಸರಾಂತ ಗುರಿಕಾರರಂತಹ ಕೆಲವರಿಗೆ ಮಾತ್ರ ವಿನಾಯಿತಿ ಉಳಿಯಿತು. ಹೊಸ ಸರಕು ಹೊರಗಿನಿಂದ ಬಾರದೆ ಹೋದುದರಿಂದ ಅದಕ್ಕೆ ಮುಂಚೆ ಬಂದಿದ್ದ ವೆಬ್ಲಿ, ಕೋಲ್ಟ್, ಸ್ಮಿತ್ ಆ್ಯಂಡ್ ವೆಸನ್ ರಿವಾಲ್ವರ್‌ಗಳಿಗೆ ಬೆಲೆ ಏರಿತು. ‘ಹಳೆಯ ಇಂಗ್ಲಿಷ್ ಮಾಲು’ ಎಂಬ ಮಾತಿನ ಹಿಂದಿರುವ ಸತ್ಯಾಂಶ ಇಷ್ಟು.

ಈಚಿನ ವರ್ಷಗಳಲ್ಲಿ ಮೂರು ಬೆಳವಣಿಗೆಗಳು ಈ ಲೆಕ್ಕವನ್ನು ಬದಲಿಸಿವೆ. ಒಂದು, ಸ್ವದೇಶಿ ತಯಾರಿಕೆ ಹೆಚ್ಚಿತು. ಕಾನ್ಪುರದ ಸರ್ಕಾರಿ ಕಾರ್ಖಾನೆ ವೆಬ್ಲಿಯ ವಿನ್ಯಾಸವನ್ನು ಆಧರಿಸಿದ .32 ರಿವಾಲ್ವರನ್ನು ಬಹುಕಾಲದಿಂದ ತಯಾರಿಸುತ್ತ ಬಂದಿದೆ. 2014ರಲ್ಲಿ ಮಹಿಳೆಯರಿಗಾಗಿ ಎಂದು ಸುಮಾರು 500 ಗ್ರಾಂ ತೂಕದ ‘ನಿರ್ಭೀಕ್’ ಬಂದಿತು. ಆಗ ಅದರ ಬೆಲೆ ಸುಮಾರು 1.22 ಲಕ್ಷ ರೂಪಾಯಿ. 2021ರ ಅಕ್ಟೋಬರ್ 1ರಂದು ಆರ್ಡ್‌ನೆನ್ಸ್ ಫ್ಯಾಕ್ಟರಿ ಮಂಡಳಿ ವಿಸರ್ಜನೆಗೊಂಡು ಏಳು ಸರ್ಕಾರಿ ಕಂಪನಿಗಳಾದವು. ಅವುಗಳಲ್ಲಿ ಕಾನ್ಪುರದ ಕಂಪನಿ 2023ರಲ್ಲಿ ‘ಪ್ರಬಲ್’ ಎಂಬ ಹೊಸ .32 ರಿವಾಲ್ವರನ್ನು ಹೊರತಂದಿತು. ವೆಬ್ಲಿ ಆ್ಯಂಡ್ ಸ್ಕಾಟ್ ಹೆಸರಿನಲ್ಲಿಯೇ ಉತ್ತರಪ್ರದೇಶದ ಹರ್ದೋಯಿ ಜಿಲ್ಲೆಯ ಸಂಡೀಲಾದಲ್ಲಿ .32 ರಿವಾಲ್ವರ್ ತಯಾರಾಗುತ್ತಿದೆ. ಆದುದರಿಂದ ‘ವೆಬ್ಲಿ’ ಎಂದು ಕೊರೆದಿರುವುದೆಲ್ಲ ಹಳೆಯ ಬರ್ಮಿಂಗ್‌ಹ್ಯಾಮಿನದಲ್ಲ. ಎಲ್ಲಿ ತಯಾರಾಯಿತೆಂಬ ಮುದ್ರೆಯನ್ನು ಓದಬೇಕು.

ಎರಡು, 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಶಸ್ತ್ರಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ವಾರಸಿನಿಂದ ಬರುವುದಕ್ಕೂ ಈ ಮಿತಿ ಅನ್ವಯಿಸುತ್ತದೆ. ಮೂರನೆಯದನ್ನು ಇಟ್ಟುಕೊಂಡಿದ್ದವರು ಒಪ್ಪಿಸಬೇಕಾಯಿತು ಅಥವಾ ಮಾರಬೇಕಾಯಿತು. ಈಗ ಕೊಳ್ಳುವವರಿಗೆ ಇರುವುದು ಎರಡೇ ಸ್ಥಾನವಾದ್ದರಿಂದ ಅವರು ಬಹಳ ಆರಿಸಿ ನೋಡುತ್ತಾರೆ.

ಮೂರು, ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ರಿವಾಲ್ವರ್ ಮತ್ತು ಪಿಸ್ತೂಲುಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 40ಕ್ಕೆ ಏರಿತು. ತೆರಿಗೆಗೆ ಮುನ್ನ 100 ರೂಪಾಯಿಯ ವಸ್ತು ಮೊದಲು 128ಕ್ಕೆ ದೊರೆಯುತ್ತಿದ್ದುದು ಈಗ 140 ಆಗುತ್ತದೆ. ಹೊಸದು ದುಬಾರಿಯಾದಾಗ ಸುಸ್ಥಿತಿಯ ಹಳೆಯದಕ್ಕೆ ಸ್ವಲ್ಪ ಬಲ ಬರುವುದು ಸ್ವಾಭಾವಿಕ.

ಸ್ಥಿತಿಯ ಪರೀಕ್ಷೆ

ಪರೀಕ್ಷೆಯನ್ನು ಮನೆಯಲ್ಲಿ ಮಾಡತಕ್ಕದ್ದಲ್ಲ. ಶಸ್ತ್ರದ ದುರಸ್ತಿಗೂ ಪರೀಕ್ಷೆಗೂ ಪರವಾನಗಿ ಪಡೆದವರು ಬೇಕು. ಊರಿನ ಕಮ್ಮಾರಸಾಲೆಯಲ್ಲಿ ತುಕ್ಕು ಕೆರೆಸುವುದು ಕಾನೂನಿಗೂ ವಿರುದ್ಧ, ಬೆಲೆಗೂ ಹಾನಿ. ಆದರೂ ದುರಸ್ತಿಗಾರರು ಏನನ್ನು ನೋಡುತ್ತಾರೆಂದು ತಿಳಿದಿದ್ದರೆ ಅವರು ಹೇಳಿದ್ದನ್ನು ತೂಗಿ ನೋಡಲು ಸಾಧ್ಯ. ಬರವಣಿಗೆಯಲ್ಲಿ ಈ ಕೆಳಗಿನ ಪ್ರಶ್ನೆಗಳಿಗೆ ಉತ್ತರ ಕೇಳಿರಿ.

ನಳಿಗೆಯ ಒಳಮೈ ಹೇಗಿದೆ? ಒಳಗಿನ ಸುರುಳಿ ಗೆರೆಗಳು ಚೂಪಾಗಿ ಕಾಣಬೇಕು. ತುಕ್ಕಿನಿಂದ ಸಣ್ಣ ಗುಳಿಗಳು ಬಿದ್ದಿದ್ದರೆ ಅದನ್ನು ಸರಿಪಡಿಸಲಾಗದು. ಕರಾವಳಿಯ ಉಪ್ಪುಗಾಳಿ ಮತ್ತು ವಯನಾಡು, ನೀಲಗಿರಿಗಳ ಮಳೆಗಾಲದ ತೇವ ಈ ಹಾನಿಗೆ ಕಾರಣವಾಗುತ್ತವೆ. ಚರ್ಮದ ಚೀಲದೊಳಗೆ ವರ್ಷಗಟ್ಟಲೆ ಇಟ್ಟರೆ ಚರ್ಮ ತೇವ ಹೀರಿ ಲೋಹವನ್ನು ತಿನ್ನುತ್ತದೆ.

ಸಿಲಿಂಡರ್ ಬಿಗಿಯಾಗಿದೆಯೆ? ಗುಂಡುಗಳು ಕೂರುವ ಈ ಉರುಳೆಯ ಪ್ರತಿಯೊಂದು ಕೋಣೆಯೂ ಹ್ಯಾಮರ್ ಎತ್ತಿದಾಗ ನಳಿಗೆಯ ನೇರಕ್ಕೆ ಬಂದು ನಿಲ್ಲಬೇಕು. ಅತ್ತಿತ್ತ ಅಲುಗಿದರೆ ಸವೆತ ಹೆಚ್ಚಾಗಿದೆಯೆಂದು ಅರ್ಥ. ನೇರ ತಪ್ಪಿದ ರಿವಾಲ್ವರ್ ಹಾರಿಸುವವರಿಗೇ ಅಪಾಯಕರ.

ಕೀಲು ಸಡಿಲವಾಗಿದೆಯೆ? ವೆಬ್ಲಿ ಮತ್ತು ಅದರ ಮಾದರಿಯ ಭಾರತೀಯ ರಿವಾಲ್ವರ್‌ಗಳು ಮೇಲಿನಿಂದ ತೆರೆದು ಮುಂದಕ್ಕೆ ಮಡಚಿಕೊಳ್ಳುವ ಬಗೆಯವು. ಮುಂದಿನ ಕೀಲು ಮತ್ತು ಮೇಲಿನ ಚಿಲಕ ಸವೆದರೆ ಮುಚ್ಚಿದಾಗಲೂ ಕಟಕಟ ಎನ್ನುತ್ತದೆ. ಈ ಬಗೆಯ ರಚನೆಯಲ್ಲಿ ಬೆಲೆಯನ್ನು ಅತಿಯಾಗಿ ತಗ್ಗಿಸುವ ದೋಷವಿದು.

ಭಾಗಗಳು ಮೂಲದವೆ? ಬಿಡಿಭಾಗಗಳು ದೊರೆಯದಿರುವುದು ತಯಾರಿಕೆ ನಿಂತ ಮಾದರಿಯ ದೊಡ್ಡ ತೊಡಕು. ಒಂದು ಸ್ಪ್ರಿಂಗ್ ಮುರಿದರೂ ಕೈಯಿಂದಲೇ ಮಾಡಿಸಬೇಕು. ಹಿಂದೆ ಬದಲಿಸಿದ ಭಾಗಗಳಿದ್ದರೆ ಬೆಲೆ ಇಳಿಯುತ್ತದೆ.

ಪರೀಕ್ಷಾ ಮುದ್ರೆಗಳಿವೆಯೆ? ಬ್ರಿಟನ್ನಿನಲ್ಲಿ ತಯಾರಾದವುಗಳ ಮೇಲೆ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯದ ಕಿರೀಟದ ಗುರುತು ಇರುತ್ತದೆ. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ 1813ರಿಂದ ಇದೆ. ಮುದ್ರೆಗಳಿಲ್ಲದಿದ್ದರೆ ಅನುಕರಣೆಯ ಶಂಕೆ ಬರುತ್ತದೆ.

ಹೊರಮೈ ಮೂಲದ್ದೆ? ಮಾಸಿದ ಮೂಲ ಬಣ್ಣಕ್ಕೆ ಬೆಲೆಯುಂಟು. ಹೊಳೆಯುವಂತೆ ನಿಕ್ಕಲ್ ಲೇಪ ಕೊಡಿಸಿದ್ದರೆ, ಉಜ್ಜುವಾಗ ಅಂಚುಗಳೂ ಅಕ್ಷರಗಳೂ ಮೊಂಡಾಗಿದ್ದರೆ, ತಿಳಿದವರು ಕಡಿಮೆ ಬೆಲೆ ಹೇಳುತ್ತಾರೆ. ಮಾರುವ ಮುಂಚೆ ‘ಚೆಂದ ಮಾಡಿಸೋಣ’ ಎಂದು ಹೊರಡುವವರು ಇದನ್ನು ನೆನಪಿಡಬೇಕು.

ಲೆಕ್ಕ ಹಾಕುವ ಕ್ರಮ

ಹಳೆಯ ರಿವಾಲ್ವರಿಗೆ ಸರ್ಕಾರದ ದರಪಟ್ಟಿಯಿಲ್ಲ. ಆದ್ದರಿಂದ ಇಂದು ಅಂಗಡಿಯಲ್ಲಿ ದೊರೆಯುವ ಹೊಸ .32 ರಿವಾಲ್ವರಿನ ತೆರಿಗೆ ಸೇರಿದ ಬೆಲೆಯನ್ನು ಅಳತೆಗೋಲಾಗಿ ಇಟ್ಟುಕೊಳ್ಳುವುದು ಸರಿಯಾದ ಕ್ರಮ. ಅದನ್ನು 100 ಎಂದು ಭಾವಿಸೋಣ. ಕೆಳಗಿನ ಅಂಕಿಗಳು ಕ್ರಮವನ್ನು ತೋರಿಸಲು ಮಾತ್ರ, ಮಾರುಕಟ್ಟೆಯ ದರವಲ್ಲ.

ಕಾಗದ ಶುದ್ಧವಾಗಿರುವ, ನಳಿಗೆ ಚೊಕ್ಕವಾಗಿರುವ, ಹಳೆಯ ಬರ್ಮಿಂಗ್‌ಹ್ಯಾಮಿನ .32 ವೆಬ್ಲಿ ಮಾರ್ಕ್ 4 ಒಂದಿದೆಯೆನ್ನಿ. ಖಾತರಿಯೂ ಬಿಡಿಭಾಗಗಳೂ ಇಲ್ಲದ್ದಕ್ಕೆ 25 ಕಳೆಯಿರಿ: 75. ಹೊರಮೈ ಮಾಸಿರುವುದಕ್ಕೆ 10: 65. ಸಿಲಿಂಡರಿನ ಅಲ್ಪ ಸವೆತಕ್ಕೆ, ದುರಸ್ತಿಗಾರರ ಅಂದಾಜಿನಂತೆ 10: 55. ಹೆಸರಿಗೂ ವಿರಳತೆಗೂ 15 ಸೇರಿಸಿರಿ: 70. ಕೊಳ್ಳುವವರು ಕೊಡಬೇಕಾದ ನ್ಯಾಯವಾದ ಬೆಲೆ ಇದು. ವ್ಯಾಪಾರಿಯ ಮೂಲಕ ಮಾರಿದರೆ ಅವರ ಶೇ. 10ರ ಪಾಲು 7, ಠೇವಣಿ ಬಾಡಿಗೆ 3 ಎಂದು ಹಿಡಿದರೆ ಮನೆಗೆ ಬರುವುದು 60. ಕೊಳ್ಳುವವರ ಬೆಲೆ 70, ಮಾರುವವರ ಕೈಸೇರುವುದು 60. ಈ ಅಂತರ ಮೋಸವಲ್ಲ. ಆದರೆ ವ್ಯಾಪಾರಿ 30 ಎಂದರೆ ಕಾರಣ ಕೇಳುವ ಹಕ್ಕು ನಿಮಗಿದೆ.

ಸುಸ್ಥಿತಿಯ, ಮೂಲ ಹೊಳಪು ಉಳಿದಿರುವ ಹಳೆಯ ಆಮದು ರಿವಾಲ್ವರಿಗೆ ಹೊಸದಕ್ಕಿಂತ ಹೆಚ್ಚಿನ ಬೆಲೆ ಬರುವುದೂ ಉಂಟು. ವಿರಳತೆಗೆ ಸೇರಿಸುವ ಅಂಕಿ ಮಾತ್ರ ಆಸಕ್ತರಾದ ಕೊಳ್ಳುವವರು ಎದುರಿಗಿದ್ದಾಗ ನಿಜವಾಗುತ್ತದೆ. ಆದುದರಿಂದ ಕನಿಷ್ಠ ಮೂವರು ವ್ಯಾಪಾರಿಗಳಿಂದ ಲಿಖಿತ ಅಂದಾಜು ಪಡೆದು, ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ನಡುವಿನದನ್ನು ಆಧಾರವಾಗಿಟ್ಟುಕೊಳ್ಳುವುದು ವಿವೇಕ.

ಮಾರುವ ದಾರಿ ಮತ್ತು 45 ದಿನಗಳು

ಪರವಾನಗಿದಾರರು ತಮ್ಮ ಸ್ವಂತ ಬಳಕೆಯ ಶಸ್ತ್ರವನ್ನು ಮತ್ತೊಬ್ಬ ಪರವಾನಗಿದಾರರಿಗೆ ನೇರವಾಗಿ ಮಾರಬಹುದು. ಆದರೆ ಮಾರುವ ಉದ್ದೇಶವನ್ನು ಜಿಲ್ಲಾ ದಂಡಾಧಿಕಾರಿಗಾಗಲಿ ಸಮೀಪದ ಠಾಣಾಧಿಕಾರಿಗಾಗಲಿ ಲಿಖಿತವಾಗಿ ತಿಳಿಸಿ, ಕನಿಷ್ಠ 45 ದಿನಗಳು ಕಳೆದ ಮೇಲೆಯೇ ಕೈಬದಲಾಯಿಸಬೇಕೆಂದು ಕಾಯ್ದೆಯ 5ನೆಯ ಕಲಮು ವಿಧಿಸಿದೆ. ‘ಇಂದೇ ಹಣ ಕೊಡುತ್ತೇನೆ, ಇಂದೇ ಕೊಡಿ’ ಎನ್ನುವವರು ಎಷ್ಟೇ ಹೆಚ್ಚಿನ ಬೆಲೆ ಹೇಳಿದರೂ ದೂರವಿರಿಸಿರಿ. ಕೊಳ್ಳುವವರ ಪರವಾನಗಿಯಲ್ಲಿ ಅದೇ ಬಗೆಯ, ಅದೇ ಬೋರಿನ ಶಸ್ತ್ರಕ್ಕೆ ಸ್ಥಾನ ಖಾಲಿಯಿದೆಯೆ, ಖರೀದಿಗೆ ಕೊಟ್ಟ ಅವಧಿ ಮುಗಿದಿಲ್ಲವೆ ಎಂದು ನೋಡಿರಿ. ಹಣವನ್ನು ಬ್ಯಾಂಕಿನ ಮೂಲಕವೇ ಪಡೆಯಿರಿ. ಮಾರಾಟದ ನಂತರ ನಿಮ್ಮ ಪರವಾನಗಿ ಪುಸ್ತಕದಿಂದ ಆ ಶಸ್ತ್ರದ ನಮೂದು ತೆಗೆದುಹಾಕಲ್ಪಟ್ಟಿತೆಂದು ಖಚಿತಪಡಿಸಿಕೊಳ್ಳುವವರೆಗೆ ಕೆಲಸ ಮುಗಿಯಿತೆಂದು ತಿಳಿಯಬೇಡಿರಿ.

ಗಡಿಯ ತೊಡಕು

ಕಾಸರಗೋಡಿನವರಿಗೆ ಮಂಗಳೂರು, ಹೊಸೂರಿನವರಿಗೆ ಬೆಂಗಳೂರು, ಅಕ್ಕಲಕೋಟೆಯವರಿಗೆ ಕಲಬುರಗಿ ಹತ್ತಿರ. ಆದರೆ ಬಸ್ಸು ಹತ್ತಿ ಒಯ್ದುಬಿಡುವ ವಸ್ತು ಇದಲ್ಲ. ಪ್ರತಿಯೊಂದು ಪರವಾನಗಿಯಲ್ಲಿಯೂ ಅದು ಯಾವ ಪ್ರದೇಶಕ್ಕೆ ಸಲ್ಲುತ್ತದೆಂದು ಬರೆದಿರುತ್ತದೆ. ರಾಜ್ಯದೊಳಗೆ ಮಾತ್ರ ಸಲ್ಲುವ ಪರವಾನಗಿಯ ಶಸ್ತ್ರ ತಲಪಾಡಿ ದಾಟಿದರೆ, ಅತ್ತಿಬೆಲೆ ದಾಟಿದರೆ ಪರವಾನಗಿಯಿಲ್ಲದ ಶಸ್ತ್ರಕ್ಕೆ ಸಮಾನವಾಗುತ್ತದೆ. ಮೊದಲು ಪ್ರದೇಶದ ಮಿತಿಯನ್ನು ವಿಸ್ತರಿಸಿಕೊಳ್ಳಬೇಕು ಅಥವಾ ಸಾಗಣೆಗೆ ಅನುಮತಿ ಪಡೆಯಬೇಕು. ಮರಣ ಹೊಂದಿದವರ ಶಸ್ತ್ರವನ್ನಂತೂ ತವರೂರಿನ ಠಾಣೆಯಲ್ಲಿಯೇ ಒಪ್ಪಿಸಿ ಮುಂದಿನ ಹೆಜ್ಜೆ ಇಡುವುದು ಕ್ಷೇಮ.

ಅರ್ಜಿ ಯಾವ ಭಾಷೆಯಲ್ಲಿ?

ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ಆಯಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ನೀಡಿದೆ. 1969ರ ಕೇರಳ ಆಡಳಿತ ಭಾಷಾ ಕಾಯ್ದೆ ಕನ್ನಡ ಹಾಗೂ ತಮಿಳು ಅಲ್ಪಸಂಖ್ಯಾತರಿಗೆ ಸರ್ಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡುವ ಅವಕಾಶವನ್ನು ಕೊಟ್ಟಿದೆ. ಆದರೂ ಕಚೇರಿಯಲ್ಲಿ ಕೇಳುವ ಕಾಗದದ ಹೆಸರು ತಿಳಿಯದಿದ್ದರೆ ಅಲೆದಾಟ ತಪ್ಪದು. ನಾವು ವಾರಸು ಪ್ರಮಾಣಪತ್ರ ಎನ್ನುವುದನ್ನು ತಮಿಳುನಾಡಿನಲ್ಲಿ ‘ವಾರಿಸು ಸಾನ್ರಿದಳ್’ ಎಂದೂ ಕೇರಳದಲ್ಲಿ ‘ಅನಂತರಾವಕಾಶಿ ಸರ್ಟಿಫಿಕೇಟ್’ ಎಂದೂ ಮಹಾರಾಷ್ಟ್ರದಲ್ಲಿ ‘ವಾರಸ ದಾಖಲಾ’ ಎಂದೂ ಕರೆಯುತ್ತಾರೆ. ಶಸ್ತ್ರ ಪರವಾನಗಿ ಮರಾಠಿಯಲ್ಲಿ ‘ಶಸ್ತ್ರ ಪರವಾನಾ’, ತಮಿಳಿನಲ್ಲಿ ‘ತುಪ್ಪಾಕ್ಕಿ ಉರಿಮಂ’, ಮಲಯಾಳದಲ್ಲಿ ‘ತೋಕ್ಕು ಲೈಸನ್ಸ್’. ಓದಲು ಬಾರದ ಭಾಷೆಯ ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮುನ್ನ, ಶಾಲೆಯಲ್ಲಿ ಆ ಭಾಷೆಯನ್ನು ಕಲಿಯುತ್ತಿರುವ ಮಕ್ಕಳಿಂದಲಾದರೂ ಓದಿಸಿಕೊಳ್ಳಿರಿ. ಬೆಲೆಯ ಸಾಲು ಖಾಲಿಯಿರುವ ಮಾರಾಟಪತ್ರಕ್ಕೆ ಎಂದಿಗೂ ಸಹಿ ಹಾಕದಿರಿ.

ಮನೆಯ ಮಕ್ಕಳ ಕ್ಷೇಮ

ಬಟ್ಟೆಯ ಗಂಟಿನಲ್ಲಿ ಸಿಕ್ಕ ರಿವಾಲ್ವರಿನೊಳಗೆ ಹತ್ತಾರು ವರ್ಷಗಳ ಹಿಂದಿನ ತೋಟೆ ಉಳಿದಿರಬಹುದು. ಹಳೆಯದಾದ ಮಾತ್ರಕ್ಕೆ ಅದು ಸಿಡಿಯುವುದಿಲ್ಲವೆಂದು ಹೇಳಲಾಗದು. ಕಂಡವರು ಮುಟ್ಟದೆ, ತೆರೆದು ನೋಡದೆ, ಕೋಣೆಗೆ ಬೀಗ ಹಾಕಿ ಠಾಣೆಗೆ ತಿಳಿಸಿ ಅವರಿಂದಲೇ ತೆಗೆಸಬೇಕು. ಫೋಟೊ ತೆಗೆದು ಬಂಧುಗಳ ಗುಂಪಿನಲ್ಲಿ ಹಂಚಿ ಬೆಲೆ ಕೇಳುವುದೂ ಬೇಡ. ಅದು ಕಳ್ಳರಿಗೆ ದಾರಿ ತೋರಿಸಿದಂತೆ. ಮಕ್ಕಳಿಗೆ ಹೇಳಬೇಕಾದದ್ದು ಮೂರೇ ಮಾತು: ಮುಟ್ಟಬೇಡ, ಅಲ್ಲಿಂದ ದೂರ ಹೋಗು, ದೊಡ್ಡವರಿಗೆ ತಿಳಿಸು.

ಒಟ್ಟಿನಲ್ಲಿ, ರಸೀದಿ ಕೈಯಲ್ಲಿದ್ದು, ಸಂಖ್ಯೆ ತಾಳೆಯಾಗಿ, ಬೋರ್ ಖಚಿತವಾಗಿ, ಮೂರು ಲಿಖಿತ ಅಂದಾಜುಗಳು ಮುಂದಿದ್ದರೆ ಅವಸರಕ್ಕೆ ಕಾರಣವಿಲ್ಲ. ಠೇವಣಿಯ ಅವಧಿ ಮುಗಿಯುವ ದಿನವನ್ನು ಮಾತ್ರ ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಡಿರಿ. ಆ ಒಂದು ದಿನ ತಪ್ಪಿದರೆ ಮೇಲಿನ ಯಾವ ಲೆಕ್ಕವೂ ಉಪಯೋಗಕ್ಕೆ ಬಾರದು.